ಬಸುರಿಯರಿಗೆಂದು ಮಾರುವ ಹೆಣಿಗೆ–ಹೊಲಿಗೆ ಪೆಟ್ಟಿಗೆ: ದಾರಕ್ಕೆ ಪೂರ್ತಿ ಅಂಕ, ಕೈಪಿಡಿಗೆ ಅರ್ಧ

ನಾನು ಐದು ತಿಂಗಳ ಬಸುರಿಯಾಗಿದ್ದಾಗ ಗೆಳತಿಯೊಬ್ಬಳು ಉಡುಗೊರೆಯಾಗಿ ಕೊಟ್ಟ ಪೆಟ್ಟಿಗೆಯ ವಿಮರ್ಶೆ ಇದು. ಹುಟ್ಟಲಿರುವ ಮಗುವಿಗೆ ತಾಯಿಯೇ ಕೈಯಾರೆ ಉಡುಪು ಮಾಡಲಿ ಎಂದು ದಾರ, ಕಡ್ಡಿ, ಬಟ್ಟೆ, ಗುಂಡಿ, ಕೈಪಿಡಿಗಳನ್ನೆಲ್ಲ ಒಟ್ಟಿಗೆ ಜೋಡಿಸಿ ಮಾರುವ ಇಂಥ ಪೆಟ್ಟಿಗೆಗಳು ಈಗ ಹಲವಾರಿವೆ. ತಯಾರಕರ ಹೆಸರನ್ನು ನಾನು ಬೇಕೆಂದೇ ಬರೆಯುತ್ತಿಲ್ಲ. ನನಗೆ ಕಂಡ ಕೊರತೆಗಳಲ್ಲಿ ಹೆಚ್ಚಿನವು ಆಮೇಲೆ ನಾನು ತಿರುವಿ ನೋಡಿದ ಇನ್ನೆರಡು ಪೆಟ್ಟಿಗೆಗಳ ಕೈಪಿಡಿಯಲ್ಲೂ ಇದ್ದವು. ಮಗುವಿಗೆ ಈಗ ಐದು ತಿಂಗಳು ತುಂಬಿದೆ. ಆದ್ದರಿಂದ ಹೆಣೆಯುವಾಗ ಕಂಡದ್ದರ ಜೊತೆಗೆ, ತೊಡಿಸಿ, ಒಗೆದು, ಮತ್ತೆ ತೊಡಿಸಿದ ಮೇಲೆ ಕಂಡದ್ದನ್ನೂ ಬರೆಯಬಲ್ಲೆ.

ಪೆಟ್ಟಿಗೆಯಲ್ಲಿ ತಲಾ 50 ಗ್ರಾಂ ತೂಗುವ ಹತ್ತು ಉಂಡೆ ಮೆರಿನೊ ಉಣ್ಣೆ ದಾರ, 4 ಮಿಲಿಮೀಟರಿನ ಒಂದು ಜೊತೆ ಲೋಹದ ಕಡ್ಡಿ, ಎರಡು ಮೀಟರು ಜೋಡಿಪದರದ ಮಸ್ಲಿನ್ ಬಟ್ಟೆ, ಐದು ಮರದ ಗುಂಡಿ, ಆಟಿಕೆ ಕರಡಿಗೆ ಹಚ್ಚಲು ಪ್ಲಾಸ್ಟಿಕ್ ಕಣ್ಣುಗಳು ಮತ್ತು ಅಂದವಾಗಿ ಅಚ್ಚಾದ ಕೈಪಿಡಿ ಇದ್ದವು. ಇಷ್ಟರಲ್ಲಿ ಸ್ವೆಟರು, ಕುಲಾವಿ, ಕಾಲುಚೀಲ, ಕರಡಿ, ಹೊದಿಕೆ, ಮಗುವನ್ನು ಸುತ್ತುವ ಬಟ್ಟೆ ಮತ್ತು ಎರಡು ಬಿಬ್‌ಗಳನ್ನು ಮಾಡಿಕೊಳ್ಳಬಹುದೆಂದು ಅದರಲ್ಲಿ ಹೇಳಿದೆ. ಲೆಕ್ಕ ಸರಿಯಾಗಿದೆ, ದಾರ ಕಡಿಮೆ ಬೀಳಲಿಲ್ಲ.

ಮೊದಲು ದಾರದ ವಿಚಾರ, ಏಕೆಂದರೆ ಈ ಪೆಟ್ಟಿಗೆಯ ನಿಜವಾದ ಬೆಲೆ ಇರುವುದು ಅದರಲ್ಲೇ. ಉಣ್ಣೆ ಚುಚ್ಚುತ್ತದೆ ಎಂಬ ದೂರು ಎಲ್ಲ ಉಣ್ಣೆಗೂ ಸಲ್ಲುವುದಿಲ್ಲ. ಚರ್ಮಕ್ಕೆ ಚುಚ್ಚುವುದು ಸುಮಾರು 30 ಮೈಕ್ರಾನಿಗಿಂತ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ದಪ್ಪನೆಯ ಎಳೆಗಳ ತುದಿಗಳು. ನವುರಾದ ಎಳೆಗಳು ಚರ್ಮಕ್ಕೆ ತಾಗಿದ ಕೂಡಲೇ ಬಾಗಿಬಿಡುತ್ತವೆ. ಈ ದಾರದ ಪಟ್ಟಿಯ ಮೇಲೆ 19.5 ಮೈಕ್ರಾನ್ ಎಂದು ನಮೂದಾಗಿತ್ತು, ಕತ್ತಿನ ಬದಿಗೆ ಒತ್ತಿ ಹಿಡಿದು ನೋಡಿದಾಗ ಅದು ಸುಳ್ಳೆನಿಸಲಿಲ್ಲ. ಅದೇ ಪಟ್ಟಿಯಲ್ಲಿ ಓಇಕೊ-ಟೆಕ್ಸ್ ಸ್ಟ್ಯಾಂಡರ್ಡ್ 100ರ ಒಂದನೆಯ ವರ್ಗದ ಮುದ್ರೆಯೂ ಇತ್ತು. ಹಾನಿಕರ ರಾಸಾಯನಿಕಗಳ ಪರೀಕ್ಷೆಯಲ್ಲಿ ಮೂರು ವರ್ಷದೊಳಗಿನ ಮಕ್ಕಳ ವಸ್ತುಗಳಿಗೆ ಇರುವ ಅತ್ಯಂತ ಬಿಗಿಯಾದ ವರ್ಗವದು. ಮಗುವಿನ ಬಟ್ಟೆಯ ತುದಿ ಮಗುವಿನ ಬಾಯಿಗೇ ಹೋಗುವುದರಿಂದ ಈ ಮುದ್ರೆಯನ್ನು ನಾನು ಅಲಂಕಾರವೆಂದು ತಳ್ಳಿಹಾಕಲಾರೆ.

ಇದು ಸೂಪರ್‌ವಾಷ್ ಉಣ್ಣೆ, ಅಂದರೆ ಯಂತ್ರದಲ್ಲಿ ಒಗೆದರೂ ಕುಗ್ಗದಂತೆ ಸಂಸ್ಕರಿಸಿದ್ದು. ಉಣ್ಣೆಯ ಎಳೆಯ ಮೇಲೆ ಮೀನಿನ ಹುರುಪೆಯಂಥ ಪದರಗಳಿರುತ್ತವೆ. ಬಿಸಿನೀರು, ಸೋಪು, ಉಜ್ಜಾಟ ಸೇರಿದಾಗ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕಂಬಳಿಯಂತೆ ಗಟ್ಟಿಯಾಗಿ ಕುಗ್ಗಿಬಿಡುತ್ತದೆ. ಸೂಪರ್‌ವಾಷ್ ಮಾಡುವಾಗ ಆ ಹುರುಪೆಗಳನ್ನು ಕ್ಲೋರಿನ್‌ನಿಂದ ಸವೆಸಿ, ಸಾಮಾನ್ಯವಾಗಿ ಮೇಲೊಂದು ತೆಳುವಾದ ಪಾಲಿಮರ್ ಲೇಪ ಕೊಡುತ್ತಾರೆ. ಹಾಲು ಕಕ್ಕಿದ ಸ್ವೆಟರನ್ನು ಕೈಯಲ್ಲಿ ಮೆಲ್ಲಗೆ ಹಿಂಡಿ ನೆರಳಿನಲ್ಲಿ ಹರಡುವಷ್ಟು ಬಿಡುವು ಬಾಣಂತಿಗೆ ಎಲ್ಲಿಂದ ಬರಬೇಕು? ಐದು ತಿಂಗಳಿಂದ ಯಂತ್ರದಲ್ಲೇ ಒಗೆಯುತ್ತಿದ್ದೇನೆ. ಕಂಕುಳಿನಲ್ಲಿ ಒಂದಿಷ್ಟು ಗುಂಜು ಎದ್ದದ್ದು ಬಿಟ್ಟರೆ ಬಟ್ಟೆ ಹೊಸದರಂತೆಯೇ ಇದೆ.

ಇಷ್ಟು ಒಳ್ಳೆಯ ದಾರಕ್ಕೆ ಆದ ಅಪಚಾರವನ್ನೂ ಹೇಳಬೇಕು. ದಾರದ ಪಟ್ಟಿಯಲ್ಲಿ ಬಣ್ಣದ ಸಂಖ್ಯೆಯ ಪಕ್ಕದಲ್ಲೇ ಬಣ್ಣ ಹಾಕಿದ ಕಂತಿನ ಸಂಖ್ಯೆಯೂ ಇರುತ್ತದೆ. ಬಣ್ಣ ಒಂದೇ ಆದರೂ ಕಂತು ಬೇರೆಯಾದರೆ ಛಾಯೆ ಕೂದಲೆಳೆಯಷ್ಟು ಬದಲಾಗುತ್ತದೆ. ನನ್ನ ಹತ್ತು ಉಂಡೆಗಳಲ್ಲಿ ಒಂಬತ್ತು ಒಂದು ಕಂತಿನವು, ಹತ್ತನೆಯದು ಬೇರೆಯದು. ಪಟ್ಟಿಗಳನ್ನು ನೋಡದೆಯೇ ಕಿತ್ತೆಸೆದು ಹೆಣೆಯಲು ಕೂತದ್ದು ನನ್ನ ತಪ್ಪು, ನಿಜ. ಆದರೆ ಪೆಟ್ಟಿಗೆಯನ್ನು ಕಟ್ಟಿದವರು ಇದನ್ನು ನೋಡದಿದ್ದದ್ದು ಅದಕ್ಕಿಂತ ದೊಡ್ಡ ತಪ್ಪು. ದೀಪದ ಬೆಳಕಿನಲ್ಲಿ ಏನೂ ಕಾಣಲಿಲ್ಲ. ಮರುದಿನ ಬೆಳಿಗ್ಗೆ ಕಿಟಕಿಯ ಬಳಿ ಹಿಡಿದಾಗ, ಸ್ವೆಟರಿನ ಬೆನ್ನಿನ ನಡುಮಧ್ಯೆ, ಒದ್ದೆ ಗೋಡೆಯಲ್ಲಿ ನೀರು ಏರಿ ನಿಂತ ಗೆರೆಯಂತೆ, ಕೆಳಗೆ ಕೆನೆಬಣ್ಣ ಮತ್ತು ಮೇಲೆ ತುಸು ಹಳದಿಗೆ ತಿರುಗಿದ ಕೆನೆಬಣ್ಣ ಬೇರೆಬೇರೆಯಾಗಿ ಕಂಡವು. ಬಿಚ್ಚಿದೆ. ಇಂಥ ಪ್ರಸಂಗದಲ್ಲಿ ಎರಡು ಉಂಡೆಗಳಿಂದ ಎರಡೆರಡು ಸಾಲನ್ನು ಸರದಿಯಂತೆ ಹೆಣೆದರೆ ಛಾಯೆಗಳು ಬೆರೆತುಹೋಗುತ್ತವೆ. ಹಾಗೆ ಮಾಡಬಹುದೆಂಬ ಒಂದು ಸಾಲಾದರೂ ಕೈಪಿಡಿಯಲ್ಲಿರಬೇಕಿತ್ತು. ಮಾರಿದವರಿಗೆ ಬರೆದಾಗ ಅವರು ವಾದಿಸದೆ ಸರಿಯಾದ ಕಂತಿನ ಉಂಡೆಯೊಂದನ್ನು ವಾರದೊಳಗೆ ಕಳುಹಿಸಿಕೊಟ್ಟರು, ಆ ಸೌಜನ್ಯವನ್ನು ಮರೆಯಲಾರೆ.

ಕೈಪಿಡಿಯ ಮೇಲೆ ನನಗಿರುವ ಮುಖ್ಯ ಆಕ್ಷೇಪ ಕುಲಾವಿಯಿಂದ ಶುರುವಾಗುತ್ತದೆ. ಚಿಕ್ಕ ಉಡುಪಾದ್ದರಿಂದ ಮಾದರಿ ತುಂಡು ಹೆಣೆದು ಅಳೆಯುವ ಅಗತ್ಯವಿಲ್ಲ ಎಂದು ಅದರಲ್ಲಿ ಧೈರ್ಯವಾಗಿ ಬರೆದಿದ್ದಾರೆ. ಆಗತಾನೆ ಹುಟ್ಟಿದ ಮಗುವಿನ ತಲೆಯ ಸುತ್ತಳತೆ ಸುಮಾರು 35 ಸೆಂಟಿಮೀಟರು. ಕುಲಾವಿ ಜಾರದೆ ನಿಲ್ಲಬೇಕಾದರೆ ಅದಕ್ಕಿಂತ ತುಸು ಕಡಿಮೆಯೇ ಇರಬೇಕು, ಹೆಣಿಗೆ ಹಿಗ್ಗಿ ಕೂರುತ್ತದೆ. ಕೈಪಿಡಿಯ ಪ್ರಕಾರ 10 ಸೆಂಟಿಮೀಟರಿಗೆ 22 ಕುಣಿಕೆ, ಕುಲಾವಿಗೆ ಒಟ್ಟು 80 ಕುಣಿಕೆ. ಅಂದರೆ ಅವರ ಲೆಕ್ಕದಲ್ಲೇ ಅದು 36 ಸೆಂಟಿಮೀಟರನ್ನು ದಾಟುತ್ತದೆ. ನನ್ನ ಕೈ ಸಡಿಲ, 10 ಸೆಂಟಿಮೀಟರಿಗೆ 20 ಕುಣಿಕೆ ಬರುತ್ತವೆ, ಹಾಗಾಗಿ ನನ್ನ ಕುಲಾವಿ 40 ಸೆಂಟಿಮೀಟರು ಆಯಿತು. ದೊಡ್ಡವರ ಸ್ವೆಟರಿನಲ್ಲಿ ನಾಲ್ಕು ಸೆಂಟಿಮೀಟರು ಹೆಚ್ಚುಕಡಿಮೆಯಾದರೆ ಯಾರ ಕಣ್ಣಿಗೂ ಬೀಳುವುದಿಲ್ಲ, ಅಂಗೈಯಗಲದ ತಲೆಯ ಮೇಲೆ ಅದು ಮೂಗಿನ ತನಕ ಇಳಿಯುತ್ತದೆ. ಜೊತೆಗೆ ಸೂಪರ್‌ವಾಷ್ ಉಣ್ಣೆ ಒದ್ದೆಯಾದಾಗ ಹಿಗ್ಗುವ ಜಾತಿ. ಆದ್ದರಿಂದ ಮಾದರಿ ತುಂಡನ್ನು ಹೆಣೆದರಷ್ಟೇ ಸಾಲದು, ಅದನ್ನು ಒಗೆದು ಒಣಗಿಸಿ ಆಮೇಲೆ ಅಳೆಯಬೇಕು. ಎರಡನೆಯ ಸಲ 64 ಕುಣಿಕೆಗಳಲ್ಲಿ ಹೆಣೆದದ್ದು ಸರಿಯಾಗಿ ಕೂತಿತು. ಮೊದಲಿನದು ವ್ಯರ್ಥವಾಗಲಿಲ್ಲ, ಮೂರನೆಯ ತಿಂಗಳಲ್ಲಿ ಅದೂ ಉಪಯೋಗಕ್ಕೆ ಬಂತು.

ಕಡ್ಡಿಗಳನ್ನು ಆರಿಸಿದವರು ಬಸುರಿ ಹೆಂಗಸು ಕೂತು ಹೆಣೆಯುವುದನ್ನು ಒಮ್ಮೆಯೂ ಕಂಡಿಲ್ಲವೆಂದು ತೋರುತ್ತದೆ. ಅವು 35 ಸೆಂಟಿಮೀಟರು ಉದ್ದದ ನೇರ ಕಡ್ಡಿಗಳು. ಏಳನೆಯ ತಿಂಗಳಲ್ಲಿ ಹೊಟ್ಟೆ ಮುಂದೆ ಬಂದು ಮೊಣಕೈಗಳು ಹೊರಕ್ಕೆ ಸರಿದಾಗ ಕಡ್ಡಿಯ ಬುಡಗಳು ಕುರ್ಚಿಯ ತೋಳಿಗೆ ಬಡಿಯುತ್ತವೆ, ಹೊದಿಕೆಯ ಭಾರವೆಲ್ಲ ಒಂದು ತುದಿಯಲ್ಲಿ ನೇತುಬಿದ್ದು ಮಣಿಕಟ್ಟನ್ನು ಕೆಳಕ್ಕೆಳೆಯುತ್ತದೆ. ಬಸುರಿನ ಕೊನೆಯ ತಿಂಗಳುಗಳಲ್ಲಿ ಮೈಯಲ್ಲಿ ನೀರು ತುಂಬಿ, ಮಣಿಕಟ್ಟಿನ ಕಿರಿದಾದ ಸುರಂಗದಲ್ಲಿ ಹಾಯುವ ನರದ ಮೇಲೆ ಒತ್ತಡ ಬಿದ್ದು, ಹೆಬ್ಬೆರಳು, ತೋರುಬೆರಳು, ನಡುಬೆರಳುಗಳು ಜೋಮುಹಿಡಿಯುವುದು ಸಾಮಾನ್ಯ. ನನಗೂ ರಾತ್ರಿ ಎಚ್ಚರವಾಗುವಷ್ಟು ಆಯಿತು. ಆಗ 80 ಸೆಂಟಿಮೀಟರಿನ ತಂತಿಯಿರುವ ಬಿದಿರಿನ ವೃತ್ತಾಕಾರದ ಕಡ್ಡಿಯನ್ನು (ಎರಡು ಗಿಡ್ಡ ಕಡ್ಡಿಗಳನ್ನು ಬಾಗುವ ತಂತಿಯಿಂದ ಕೂಡಿಸಿದ್ದು) ಬೇರೆಯಾಗಿ ಕೊಂಡೆ. ಅದರಲ್ಲಿ ಹೆಣಿಗೆಯ ಭಾರ ತಂತಿಯ ಮೇಲೆ ಹಂಚಿ ಮಡಿಲಿಗೆ ಇಳಿಯುತ್ತದೆ, ಕೈಗೆ ಉಳಿಯುವುದು ಕುಣಿಕೆಯ ಕೆಲಸ ಮಾತ್ರ. ಇಪ್ಪತ್ತು ನಿಮಿಷ ಹೆಣೆದು, ಬೆರಳುಗಳನ್ನು ಚಾಚಿ, ಎದ್ದು ಎರಡು ಹೆಜ್ಜೆ ನಡೆದು ಮತ್ತೆ ಕೂತರೆ ಕೆಲಸ ಸಾಗುತ್ತಿತ್ತು. ಇಡೀ ಪೆಟ್ಟಿಗೆಯನ್ನು ಎರಡು ವಾರಾಂತ್ಯಗಳಲ್ಲಿ ಮುಗಿಸಬಹುದೆಂಬ ಕೈಪಿಡಿಯ ಮಾತನ್ನು ಯಾರೂ ನಂಬಬೇಡಿ, ನನಗೆ ಹನ್ನೊಂದು ವಾರ ಬೇಕಾಯಿತು.

ಸ್ವೆಟರನ್ನು ಐದು ತುಂಡುಗಳಾಗಿ ಹೆಣೆದು ಕೊನೆಗೆ ಜೋಡಿಸಬೇಕು. ಹೊಸಬರಿಗೆ ಹೆಣೆಯುವುದಕ್ಕಿಂತ ಜೋಡಿಸುವುದೇ ಕಷ್ಟ, ಮೇಲಾಗಿ ಪ್ರತಿ ಜೋಡಣೆಯೂ ಮಗುವಿನ ಮೈಗೆ ಒತ್ತುವ ಒಂದೊಂದು ದಿಂಡು. ಹೆಣಿಗೆ ವಿನ್ಯಾಸಕಿ ಎಲಿಜಬೆತ್ ಝಿಮ್ಮರ್‌ಮನ್ 1968ರಲ್ಲಿ ರೂಪಿಸಿದ ಹಸುಗೂಸಿನ ಸ್ವೆಟರು ಒಂದೇ ತುಂಡಾಗಿ ಕಡ್ಡಿಯಿಂದಿಳಿದು, ಕಾಗದದಂತೆ ಮಡಚಿದಾಗ ಸ್ವೆಟರಿನ ಆಕಾರಕ್ಕೆ ಬರುತ್ತದೆ. ಹೊಲಿಯಬೇಕಾದದ್ದು ಭುಜದ ಮೇಲೆ ಎರಡೇ ಕಡೆ. ಅಷ್ಟು ಜಾಣತನವನ್ನು ಎಲ್ಲರಿಂದ ನಿರೀಕ್ಷಿಸಲಾಗದು, ಆದರೂ ಹೊಸಬರಿಗೆಂದೇ ಮಾಡಿದ ಪೆಟ್ಟಿಗೆಯಲ್ಲಿ ಐದು ತುಂಡುಗಳ ಮಾದರಿ ಏಕೆ ಬೇಕಿತ್ತೋ ತಿಳಿಯದು. ನಾನು ಬೆನ್ನು ಮತ್ತು ಮುಂಭಾಗಗಳನ್ನು ಕಂಕುಳಿನ ತನಕ ಒಟ್ಟಾಗಿ ಹೆಣೆದೆ. ಭುಜ ಕೂಡಿಸಿದ ಮೇಲೆ ತೋಳಿನ ಬಾಯಿಯ ಸುತ್ತ ಕುಣಿಕೆಗಳನ್ನು ಎತ್ತಿಕೊಂಡು ತೋಳನ್ನು ಮೇಲಿನಿಂದ ಕೆಳಕ್ಕೆ ಇಳಿಸಿದೆ.

ಇನ್ನು ಸುರಕ್ಷತೆಯ ಮಾತು. ಇಲ್ಲಿ ನನ್ನ ದನಿ ಸ್ವಲ್ಪ ಕಟುವಾಗಬಹುದು. ಸ್ವೆಟರಿನ ಕತ್ತಿಗೆ ಹುರಿ ಹೊಸೆದು ಪೋಣಿಸಿ, ಅದರ ತುದಿಗಳಲ್ಲಿ ಉಣ್ಣೆಯ ಕುಚ್ಚು ಕಟ್ಟಲು ಕೈಪಿಡಿ ಹೇಳುತ್ತದೆ. ಮಕ್ಕಳ ಉಡುಪಿನ ದಾರ, ಹುರಿಗಳ ಬಗ್ಗೆ ಯುರೋಪಿನಲ್ಲಿರುವ ಇಎನ್ 14682 ಎಂಬ ಮಾನದಂಡ, ಏಳು ವರ್ಷದೊಳಗಿನವರ ಬಟ್ಟೆಯ ಕತ್ತು ಮತ್ತು ಟೋಪಿಯ ಭಾಗದಲ್ಲಿ ಎಳೆದು ಬಿಗಿಯುವ ಹುರಿಯೇ ಇರಬಾರದೆನ್ನುತ್ತದೆ. ಕತ್ತಿಗೆ ಸುತ್ತಿಕೊಳ್ಳಬಹುದಾದದ್ದನ್ನು ಕತ್ತಿನಲ್ಲೇ ಇಡಬಾರದೆಂಬುದನ್ನು ತಿಳಿಯಲು ಮಾನದಂಡವೂ ಬೇಕಾಗಿಲ್ಲ. ಕರಡಿಯ ಪ್ಲಾಸ್ಟಿಕ್ ಕಣ್ಣುಗಳನ್ನು ಹಿಂದಿನಿಂದ ಬಿಲ್ಲೆಯೊತ್ತಿ ಕೂರಿಸಬೇಕು. ಗಟ್ಟಿ ಬಟ್ಟೆಯಲ್ಲಿ ಅವು ಭದ್ರವಾಗಿಯೇ ಕೂರಬಹುದು. ಆದರೆ ಹೆಣಿಗೆಗೆ ಹಿಗ್ಗುವ ಗುಣವಿದೆ, ನಾನು ಹೆಬ್ಬೆರಳಿನಿಂದ ಜೋರಾಗಿ ಒತ್ತಿದಾಗ ಕಣ್ಣು ಬಿಲ್ಲೆಯ ಸಮೇತ ಕುಣಿಕೆಯ ಸಂದಿಯಿಂದ ಹೊರಬಂತು. ಮೂರು ವರ್ಷದೊಳಗಿನವರ ಆಟಿಕೆಗಳನ್ನು ಪರೀಕ್ಷಿಸುವ ಕೊಳವೆಯ ಬಾಯಿ 31.7 ಮಿಲಿಮೀಟರು ಅಗಲವಿರುತ್ತದೆ, ಅದರೊಳಗೆ ಪೂರ್ತಿ ಇಳಿಯುವ ಯಾವ ಬಿಡಿಭಾಗವೂ ಗಂಟಲಿಗೆ ಸಿಕ್ಕುವ ಭಯವಿರುವಂಥದ್ದು. ಈ ಕಣ್ಣಾದರೋ ಅದರ ಅರ್ಧದಷ್ಟೂ ಇಲ್ಲ. ಕಂದು ದಾರದಲ್ಲಿ ಕಣ್ಣುಗಳನ್ನು ಕಸೂತಿ ಹಾಕಿದೆ, ಕರಡಿ ಈಗ ನಿದ್ದೆಗಣ್ಣಿನದಾಗಿ ಕಂಡರೂ ಅಡ್ಡಿಯಿಲ್ಲ. ಕಾಲುಚೀಲದ ಎರಡು ಬಣ್ಣದ ವಿನ್ಯಾಸವನ್ನೂ ಕೈಬಿಟ್ಟೆ. ಅಂಥ ಹೆಣಿಗೆಯ ಒಳಬದಿಯಲ್ಲಿ ಸಾಗಿಹೋಗುವ ಸಡಿಲ ಎಳೆಗಳಿಗೆ ಕಾಲಿನ ಪುಟ್ಟ ಬೆರಳು ಸಿಕ್ಕಿ ಬಿಗಿದರೆ ರಕ್ತಸಂಚಾರವೇ ನಿಲ್ಲಬಹುದು, ಮಗು ಏಕೆ ಅಳುತ್ತಿದೆಯೆಂದು ಹೊರಗಿನಿಂದ ತಿಳಿಯುವುದೂ ಇಲ್ಲ.

ಹೊದಿಕೆಯ ಪುಟದಲ್ಲಿ, ತೊಟ್ಟಿಲಿನಲ್ಲಿ ಮಲಗಿದ ಮಗುವಿನ ಗಲ್ಲದವರೆಗೂ ಹೊದಿಕೆಯನ್ನು ಹೊದಿಸಿ, ತಲೆಗೆ ಕುಲಾವಿಯನ್ನೂ ತೊಡಿಸಿದ ಚಿತ್ರವಿದೆ. ಕಣ್ಣಿಗೆ ಎಷ್ಟು ಮುದ್ದಾಗಿದೆಯೋ ಅಷ್ಟೇ ತಪ್ಪಾದ ಚಿತ್ರವದು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2022ರಲ್ಲಿ ಪರಿಷ್ಕರಿಸಿದ ಸಲಹೆಗಳಲ್ಲಿ, ಹಸುಗೂಸು ಮಲಗುವ ಜಾಗದಲ್ಲಿ ಸಡಿಲವಾದ ಹೊದಿಕೆ, ದಿಂಬು, ಮೆತ್ತನೆಯ ಆಟಿಕೆ ಯಾವುದೂ ಇರಬಾರದೆಂದೂ, ಹುಟ್ಟಿದ ಮೊದಲ ಕೆಲವು ಗಂಟೆಗಳನ್ನು ಬಿಟ್ಟರೆ ಮನೆಯೊಳಗೆ ಟೋಪಿ ಬೇಡವೆಂದೂ ಹೇಳಿದೆ. ಉಸಿರುಕಟ್ಟುವುದು ಒಂದು ಭಯ, ಮೈ ಅತಿಯಾಗಿ ಬಿಸಿಯೇರುವುದು ಇನ್ನೊಂದು. ಹೊದಿಕೆ ಇದರಿಂದ ನಿರುಪಯುಕ್ತವೇನೂ ಆಗುವುದಿಲ್ಲ: ನನ್ನದು ಈಗ ಮಗು ಎಚ್ಚರವಿರುವಾಗ ಬೋರಲು ಮಲಗಿ ಕತ್ತೆತ್ತುವ ಹಾಸು. ನೆಲದ ಮೇಲೆ ಜಾರುವುದಿಲ್ಲ, ಮೆತ್ತಗಿದೆ, ಒಗೆಯಬಹುದು.

ಮಸ್ಲಿನ್ ಬಟ್ಟೆಗೆ ಕೊರತೆ ಹೇಳಲಾರೆ, ಆದರೆ ಅದನ್ನು ಒಗೆಯದೆಯೇ ಕತ್ತರಿಸಲು ಹೇಳಿರುವುದು ತಪ್ಪು. ಒಗೆದು ಅಳೆದಾಗ ಮೀಟರಿಗೆ ಆರು ಸೆಂಟಿಮೀಟರು ಕುಗ್ಗಿತ್ತು. ಮೊದಲೇ ಹೊಲಿದಿದ್ದರೆ ಅಂಚುಗಳೆಲ್ಲ ಸುರುಟಿಕೊಳ್ಳುತ್ತಿದ್ದವು. ಈ ಬಟ್ಟೆಯ ಎಳೆ ಬೇಗ ಬಿಡುವುದರಿಂದ ಅಂಚನ್ನು ಎರಡು ಸಲ ಮಡಚಿ ಹೊಲಿಯಬೇಕು. ಬಿಬ್‌ಗಳು ಸಾಧಾರಣ, ಅವುಗಳ ವೆಲ್ಕ್ರೊ ಕತ್ತಿಗೆ ಗೀರುವುದರಿಂದ ಒತ್ತುಗುಂಡಿ ಹಾಕಿಕೊಂಡೆ. ಮರದ ಗುಂಡಿಗಳು ನಾಲ್ಕನೆಯ ಒಗೆತಕ್ಕೆ ಬಿರುಕುಬಿಟ್ಟವು, ಐದನ್ನೂ ಕಿತ್ತು ಬೇರೆಯವನ್ನು ಹಚ್ಚಿದ್ದೇನೆ.

ಕತ್ತಿನ ಹುರಿಯ ಬಗ್ಗೆ ಬರೆದ ಪತ್ರಕ್ಕೆ, ಅದು ಅಲಂಕಾರಕ್ಕಾಗಿ ಕೊಟ್ಟದ್ದು, ಬೇಡವಾದರೆ ಬಿಡಬಹುದು ಎಂಬ ಉತ್ತರ ಬಂತು. ಬೇರೆ ಬಣ್ಣದ ಉಂಡೆಯನ್ನು ಬದಲಿಸಿಕೊಟ್ಟ ತತ್ಪರತೆ ಈ ಉತ್ತರದಲ್ಲಿರಲಿಲ್ಲ. ಕೊಳ್ಳುವವರು ನಾಲ್ಕನೆಯ ಅಥವಾ ಐದನೆಯ ತಿಂಗಳಲ್ಲೇ, ಬೆರಳು ಊದಿಕೊಳ್ಳುವ ಮೊದಲು, ಕೆಲಸ ಶುರುಮಾಡಲಿ; ಹುಟ್ಟಿದ ದಿನದ ಅಳತೆಯನ್ನು ಕುಲಾವಿಯೊಂದಕ್ಕೆ ಬಿಟ್ಟು, ಸ್ವೆಟರನ್ನು ಮೂರರಿಂದ ಆರು ತಿಂಗಳ ಅಳತೆಗೆ, ಆ ತಿಂಗಳುಗಳು ಚಳಿಗೆ ಬೀಳುತ್ತವೆಯೋ ಸೆಕೆಗೆ ಬೀಳುತ್ತವೆಯೋ ಎಣಿಸಿ ನೋಡಿ ಹೆಣೆಯಲಿ. ನಾನು ಕೈಪಿಡಿಯ ಅತಿ ಚಿಕ್ಕ ಅಳತೆಯನ್ನು ಆರಿಸಿಕೊಂಡಿದ್ದರಿಂದ ನಾಲ್ಕನೆಯ ತಿಂಗಳಿಗೇ ತೋಳು ಮಣಿಕಟ್ಟಿನಿಂದ ಮೇಲೇರಿತು. ಮೇಲಿನಿಂದ ಕೆಳಕ್ಕೆ ಹೆಣೆದ ತೋಳಾದ್ದರಿಂದ ತುದಿಯ ಪಟ್ಟಿಯನ್ನು ಬಿಚ್ಚಿ, ಕುಣಿಕೆಗಳನ್ನು ಮತ್ತೆ ಕಡ್ಡಿಗೇರಿಸಿ, ಎರಡೂ ಕಡೆ ಎಂಟೆಂಟು ಸಾಲು ಕೂಡಿಸಿದ್ದೇನೆ. ದಾರ ಉಳಿದದ್ದು ಅದಕ್ಕೇ ಸರಿಹೋಯಿತು.