ಆರ್‌ಎಕ್ಸ್ 100ಕ್ಕೆ 28 ಎಂಎಂ ಕಾರ್ಬುರೇಟರ್: ಎರಡು ವರ್ಷ ಓಡಿಸಿದ ಮೇಲೆ

ಇದು ಕೀಹಿನ್ ಕಂಪನಿಯ ಪಿಡಬ್ಲ್ಯೂಕೆ ಮಾದರಿಯ ನಕಲು ಕಾರ್ಬುರೇಟರ್ (ಎಂಜಿನ್ನಿಗೆ ಪೆಟ್ರೋಲ್, ಗಾಳಿ ಬೆರೆಸಿ ಕೊಡುವ ಭಾಗ), ಅಸಲಿ ಕೀಹಿನ್ ಅಲ್ಲ. 2,400 ರೂಪಾಯಿ ಕೊಟ್ಟೆ. ಗಾಡಿ ಹಳೇ ಆರ್‌ಎಕ್ಸ್ 100, ಯಮಹಾದ ಟೂ-ಸ್ಟ್ರೋಕ್ ಬೈಕು. ಬ್ಲಾಕ್ ಪೋರ್ಟಿಂಗ್ ಆಗಿದೆ (ಒಳಗಿನ ಗಾಳಿ-ಹೊಗೆಯ ದಾರಿ ಉಜ್ಜಿ ಅಗಲ ಮಾಡಿಸಿದ್ದು), ಎಕ್ಸ್‌ಪಾನ್ಷನ್ ಚೇಂಬರ್ (ಹೊಟ್ಟೆ ಉಬ್ಬಿದ ಸೈಲೆನ್ಸರ್) ಇದೆ, ಮಣ್ಣಿನ ಟೈರು. ರಸ್ತೆಗೆ ಇಳಿಸುವುದಿಲ್ಲ. ಚಿಕ್ಕಬಳ್ಳಾಪುರದ ಹತ್ತಿರ ಮಾವನ ದ್ರಾಕ್ಷಿ ತೋಟದ ಹಿಂದೆ ಕಲ್ಲುದಿಬ್ಬ ಇದೆ, ಅಲ್ಲಿಗೆ ಟಾಟಾ ಏಸ್‌ನಲ್ಲಿ ಹೇರಿಕೊಂಡು ಹೋಗುತ್ತೇನೆ.

ಕಾರ್ಬುರೇಟರ್ ಬಾಡಿ ಚೆನ್ನಾಗಿದೆ. ಸ್ಲೈಡ್ ಇವತ್ತಿಗೂ ಸಲೀಸು. ಜೊತೆಗೆ ಬಂದ ಜೆಟ್‌ಗಳು ಮಾತ್ರ ದಂಡ. ಜೆಟ್ ಅಂದರೆ ಪೆಟ್ರೋಲ್ ಹರಿಯುವ ಸಣ್ಣ ತೂತಿನ ಹಿತ್ತಾಳೆ ತಿರುಪು, ನಂಬರ್ ದೊಡ್ಡದಾದಷ್ಟೂ ತೂತು ದೊಡ್ಡದು. 120 ಅಂತ ಒತ್ತಿದ್ದ ಎರಡು ಮೇನ್ ಜೆಟ್‌ಗಳನ್ನು ಬೆಳಕಿಗೆ ಹಿಡಿದು ನೋಡಿದೆ. ಒಂದರ ತೂತು ದುಂಡಗಿತ್ತು, ಇನ್ನೊಂದರ ಅಂಚಿನಲ್ಲಿ ಹಿತ್ತಾಳೆಯ ಚೂರು ಹಾಗೇ ನಿಂತಿತ್ತು. ಅವನ್ನು ಎಸೆದು ಅಸಲಿ ಕೀಹಿನ್ ಜೆಟ್ ತಂದೆ. ಅಂಗಡಿಯಲ್ಲಿ ಮಿಕುನಿ ಅನ್ನೋ ಇನ್ನೊಂದು ಕಂಪನಿಯ ಜೆಟ್ ಕೊಟ್ಟು 'ಎಲ್ಲಾ ಒಂದೇ' ಅಂದರೆ ನಂಬಬೇಡಿ. ಎರಡರ ನಂಬರ್ ಲೆಕ್ಕವೇ ಬೇರೆ.

ಶುರುವಿಗೆ ಯಾವ ಜೆಟ್ ಹಾಕಬೇಕು ಅನ್ನೋದೇ ದೊಡ್ಡ ತಲೆನೋವು, ಅಲ್ವಾ? ನಾನು ಮಂಗಳೂರಿನ ಗೆಳೆಯನ ನಂಬರ್ ಸುಮ್ನೆ ಕಾಪಿ ಹೊಡೆದೆ: ಮೇನ್ (ಪೂರ್ತಿ ಥ್ರಾಟಲ್‌ಗೆ) 130, ಪೈಲಟ್ (ಐಡಲ್‌ಗೆ, ಸಣ್ಣ ಥ್ರಾಟಲ್‌ಗೆ) 48. ಅವನು ಸಮುದ್ರದ ಪಕ್ಕ, ನಾನು 900 ಮೀಟರ್ ಮೇಲೆ. ಇಲ್ಲಿನ ಗಾಳಿ ತೆಳು, ಪೆಟ್ರೋಲ್ ಕಮ್ಮಿ ಸಾಕು. ಗಾಡಿ ಗೊರಗೊರ ಅಂದು ಹೊಗೆ ಉಗುಳಿತು. ಆದರೂ ಅವನ ಮೇಲೆ ಸಿಟ್ಟಿಲ್ಲ. ಜೆಟ್ ದೊಡ್ಡದಾದರೆ ಪ್ಲಗ್ ಒದ್ದೆ ಆಗುತ್ತದೆ, ಚಿಕ್ಕದಾದರೆ ಪಿಸ್ಟನ್ ಬಿಸಿಗೆ ಕಚ್ಚಿಕೊಂಡು ಸೀಜ್ ಆಗುತ್ತದೆ. ಪ್ಲಗ್ ಒರೆಸಿ ಹಾಕಬಹುದು. ಹಾಗಾಗಿ ದೊಡ್ಡದರಿಂದ ಒಂದೊಂದೇ ಮೆಟ್ಟಿಲು ಕೆಳಗೆ ಬನ್ನಿ. ಹತ್ತು ವರ್ಷದ ಹಿಂದಿನ ನಂಬರ್‌ಗಳನ್ನಂತೂ ಮರೆತುಬಿಡಿ. ಈಗಿನ ಇ20 (20% ಎಥನಾಲ್ ಬೆರೆಸಿದ) ಪೆಟ್ರೋಲಿಗೆ ಜೆಟ್ ಸ್ವಲ್ಪ ದೊಡ್ಡದೇ ಬೇಕು.

ಮೊದಲು ಪೈಲಟ್ ಸರಿ ಮಾಡಿ. ಎಲ್ಲರೂ ಮೇನ್ ಜೆಟ್ ಹಿಂದೆ ಬೀಳುತ್ತಾರೆ. ಆದರೆ ಕಲ್ಲಿನ ದಾರಿಯಲ್ಲಿ ಪೂರ್ತಿ ಥ್ರಾಟಲ್ ಕೊಡುವುದು ಎಷ್ಟು ಹೊತ್ತು? ಏರ್ ಸ್ಕ್ರೂ (ಬಿಚ್ಚಿದಷ್ಟೂ ಐಡಲ್‌ಗೆ ಗಾಳಿ ಜಾಸ್ತಿ) ಒಂದೂವರೆ ಸುತ್ತು ಬಿಚ್ಚಿ ಶುರು ಮಾಡಿ, ಎಂಜಿನ್ ಬಿಸಿಯಾದ ಮೇಲೆ ಐಡಲ್ ಎಲ್ಲಿ ಚೆನ್ನಾಗಿ ನಿಲ್ಲುತ್ತದೆ ನೋಡಿ. ನನ್ನದು ಮೂರು ಸುತ್ತು ಬಿಚ್ಚಿದ ಮೇಲೆ ನಿಂತಿತು, ಅಂದರೆ 48 ಜಾಸ್ತಿ ಆಯಿತು. ಒಂದು ಸುತ್ತಿನೊಳಗೇ ನಿಂತಿದ್ದರೆ ಪೈಲಟ್ ಚಿಕ್ಕದು ಅಂತ ಅರ್ಥ. 42 ಹಾಕಿದ ಮೇಲೆ ಗಾಡಿ ಕೈ ಮಾತು ಕೇಳಿತು. ಅರ್ಧ ಥ್ರಾಟಲ್‌ನ ಹದ ನೋಡಿಕೊಳ್ಳುವ ನೀಡಲ್‌ನ ಕ್ಲಿಪ್ ನಡುವಿನ ಗೀರಿನಿಂದ ಒಂದು ಮೇಲೆ. ಮೇನ್ ಕೊನೆಗೆ 118ಕ್ಕೆ ನಿಂತಿತು: ದಿಬ್ಬದ ಮೇಲೆ ಪೂರ್ತಿ ಥ್ರಾಟಲ್ ಕೊಟ್ಟು, ಕ್ಲಚ್ ಹಿಡಿದು, ಎಂಜಿನ್ ಆಫ್ ಮಾಡಿ ಪ್ಲಗ್ ಬಿಚ್ಚಿದರೆ ಕಾಫಿಪುಡಿ ಬಣ್ಣ, ಅಂದರೆ ಹದ ಸರಿ.

ನಡುವೆ ಒಂದು ತಿಂಗಳು ದಡ್ಡತನದಲ್ಲಿ ಕಳೆಯಿತು. ಥ್ರಾಟಲ್ ಬಿಟ್ಟರೂ ಎಂಜಿನ್ ಕೂಗುವುದು ಇಳಿಯುತ್ತಿರಲಿಲ್ಲ. ಲೀನ್ ಆಗಿದೆ (ಪೆಟ್ರೋಲ್ ಕಮ್ಮಿ) ಅಂತ ಮೇನ್ ಜೆಟ್ 120, 122, 125 ಅಂತ ಏರಿಸುತ್ತಾ ಹೋದೆ. ಒಂದು ದಿನ ಕಾರ್ಬುರೇಟರನ್ನು ಎಂಜಿನ್ನಿಗೆ ಜೋಡಿಸುವ ಇನ್‌ಟೇಕ್ ರಬ್ಬರ್ ಮಡಚಿ ನೋಡಿದರೆ ಕೂದಲೆಳೆಯಷ್ಟು ಬಿರುಕು, ಅಲ್ಲಿಂದ ಗಾಳಿ ಎಳೆಯುತ್ತಿತ್ತು. ಜೆಟ್ ಡಬ್ಬಿ ತೆಗೆಯುವ ಮುಂಚೆ ಆ ರಬ್ಬರ್ ನೋಡಿ.

ಇನ್ನೊಂದು, ನಾನು ಆಯಿಲ್ ಪಂಪ್ ತೆಗೆಸಿ ಲೀಟರ್ ಪೆಟ್ರೋಲಿಗೇ 30 ಮಿಲಿ ಎಣ್ಣೆ ಬೆರೆಸುತ್ತೇನೆ. ಇಳಿಜಾರಿನಲ್ಲಿ ಥ್ರಾಟಲ್ ಮುಚ್ಚಿಕೊಂಡೇ ಇಳಿದರೆ ಪೆಟ್ರೋಲ್ ಜೊತೆ ಎಣ್ಣೆಯೂ ಎಂಜಿನ್ನಿಗೆ ಸರಿಯಾಗಿ ಹೋಗುವುದಿಲ್ಲ. ಆಗಾಗ ಕ್ಲಚ್ ಹಿಡಿದು ಒಂದೊಂದು ಸಲ ರೇಸ್ ಮಾಡುವುದು ಒಳ್ಳೆಯದು.

ಡಿಸೆಂಬರ್ ಬೆಳಗಿನ ಚಳಿಗೆ ಮೇನ್ 120, ಏಪ್ರಿಲ್ ಬಿಸಿಲಿಗೆ 115. ಕಾರ್ಬುರೇಟರ್‌ಗೆ ಬರುವ ಪೆಟ್ರೋಲ್ ತಡೆಯುವ ಫ್ಲೋಟ್ ನೀಡಲ್ ವರ್ಷದೊಳಗೇ ಸೋರಿತು, ಬದಲಾಯಿಸಿದೆ. ಐದಕ್ಕೆ ಮೂರೂವರೆ ಸ್ಟಾರ್. ಅಸಲಿ ಜೆಟ್‌ಗಳ ದುಡ್ಡು ಕೂಡಿಸಿ ನೋಡಿದರೆ ನಕಲು ಅಷ್ಟೇನೂ ಅಗ್ಗವಲ್ಲ.