ಹೊರಗೋಡೆಗೆ ಹೊದಿಕೆ: ಇಂಗ್ಲೆಂಡಿನ ಕೌನ್ಸಿಲ್ ಮನೆಯಲ್ಲಿ ಮೂರು ಚಳಿಗಾಲಗಳು

ನಾವು ಬಾಡಿಗೆಗಿರುವ ಕೌನ್ಸಿಲ್ ಮನೆಯ, ಅಂದರೆ ಸ್ಥಳೀಯ ಆಡಳಿತ ಬಾಡಿಗೆಗೆ ಕೊಡುವ ಮನೆಯ, ಹೊರಗೋಡೆಗಳಿಗೆ ಒಳಗಿನ ಶಾಖ ಹೊರಹೋಗದಂತೆ ತಡೆಯುವ ಇನ್ಸುಲೇಷನ್ ಹೊದಿಸಿದ್ದು 2023ರ ಬೇಸಿಗೆಯಲ್ಲಿ. ಅದರಿಂದ ಏನು ಪ್ರಯೋಜನವಾಯಿತು ಎಂದು ಕೇಳಿದವರಿಗೆಲ್ಲ ನಾನು ಮೊದಲು ಹೇಳುವುದು ದೋಸೆ ಹಿಟ್ಟಿನ ವಿಷಯವನ್ನು. ಮೊದಲೆಲ್ಲ ಡಿಸೆಂಬರ್ ಬಂತೆಂದರೆ ರುಬ್ಬಿದ ಹಿಟ್ಟಿನ ಪಾತ್ರೆಗೆ ಹಳೆಯ ಸ್ವೆಟರ್ ಸುತ್ತಿ, ಮನೆಯನ್ನು ಬಿಸಿಮಾಡುವ ಬಾಯ್ಲರ್ ಇರುವ ಕಪಾಟಿನೊಳಗೆ ಇಟ್ಟು, ಎರಡು ದಿನ ಕಾದರೂ ಅದು ಸರಿಯಾಗಿ ಹುದುಗು ಬರುತ್ತಿರಲಿಲ್ಲ. ಹೊದಿಕೆ ಹಾಕಿದ ನಂತರದ ಮೊದಲ ಜನವರಿಯಲ್ಲಿ, ಶನಿವಾರ ಬೆಳಿಗ್ಗೆ ರುಬ್ಬಿ ಅಡುಗೆಮನೆಯ ಕಟ್ಟೆಯ ಮೇಲೆಯೇ ಬಿಟ್ಟ ಹಿಟ್ಟು ಭಾನುವಾರದ ತಿಂಡಿಯ ಹೊತ್ತಿಗೆ ಉಬ್ಬಿ ಮುಚ್ಚಳವನ್ನು ಮುಟ್ಟಿತ್ತು. ಅಂದಿನಿಂದ ಆ ಸ್ವೆಟರನ್ನು ಮತ್ತೆ ಹೊರತೆಗೆದಿಲ್ಲ.

ನಮ್ಮದು ನೋ-ಫೈನ್ಸ್ ಎಂದು ಕರೆಯುವ ಬಗೆಯ ಮನೆ. ಎರಡನೆಯ ಮಹಾಯುದ್ಧದ ನಂತರ ಮನೆಗಳ ಅಭಾವವಿದ್ದಾಗ ಮರಳು ಬೆರೆಸದೆ, ಬರೀ ಜಲ್ಲಿ ಮತ್ತು ಸಿಮೆಂಟಿನಿಂದ ಗೋಡೆಗಳನ್ನು ಎರಕ ಹೊಯ್ದು ಇಂತಹ ಮನೆಗಳನ್ನು ಬೇಗ ಬೇಗ ಕಟ್ಟಿದರು. ಇಟ್ಟಿಗೆಯ ಎಷ್ಟೋ ಮನೆಗಳಲ್ಲಿ ಗೋಡೆಯ ಎರಡು ಪದರಗಳ ನಡುವೆ ಇರುವ ಟೊಳ್ಳಿಗೆ ಇನ್ಸುಲೇಷನ್ ತುಂಬಿಸಬಹುದು. ನಮ್ಮ ಗೋಡೆಯಲ್ಲಿ ಅಂತಹ ಟೊಳ್ಳೇ ಇಲ್ಲದ ಕಾರಣ ಹೊರಗಿನಿಂದ ಹೊದಿಸಬೇಕಾಯಿತು. ಕೆಲಸ ಆರಂಭಿಸುವ ಮೊದಲು ನಾನು ಕೇಳಿದ್ದು ಒಂದೇ ಪ್ರಶ್ನೆ, ಈ ಹೊದಿಕೆಗೆ ಬೆಂಕಿ ಹೊತ್ತಿಕೊಳ್ಳುತ್ತದೆಯೇ ಎಂದು. 2017ರ ಜೂನ್ 14ರಂದು ಲಂಡನ್ನಿನ ಬಹುಮಹಡಿ ವಸತಿ ಕಟ್ಟಡ ಗ್ರೆನ್‌ಫೆಲ್ ಟವರ್‌ನಲ್ಲಿ 72 ಜನ ಸತ್ತದ್ದನ್ನು, ನವೀಕರಣದ ವೇಳೆ ಹೊರಗೋಡೆಗೆ ಹಾಕಿದ್ದ ಹೊದಿಕೆಯ ಮೂಲಕವೇ ಬೆಂಕಿ ಮೇಲೇರಿದ್ದನ್ನು ತಿಳಿದ ಯಾವ ಬಾಡಿಗೆದಾರರೂ ಇದನ್ನು ಕೇಳದೆ ಇರಬಾರದು. ನಮ್ಮ ಮನೆಗೆ ಹಾಕಿದ್ದು ಕಲ್ಲನ್ನು ಕರಗಿಸಿ ಎಳೆ ತೆಗೆದು ಮಾಡುವ ರಾಕ್‌ವೂಲ್ ಹಲಗೆ, ಅದು ಉರಿಯುವುದಿಲ್ಲ.

2022–23ರ ಚಳಿಗಾಲದಲ್ಲಿ ಸರ್ಕಾರ ದರಕ್ಕೆ ಕಡಿವಾಣ ಹಾಕಿದ ಮೇಲೂ ಸಾಮಾನ್ಯ ಕುಟುಂಬವೊಂದರ ಇಂಧನದ ಖರ್ಚು ವರ್ಷಕ್ಕೆ ಸುಮಾರು 2,500 ಪೌಂಡ್ ಆಗುವಂತಿತ್ತು. ಆಗ ನಾವು ಒಂದೇ ಕೋಣೆಯನ್ನು ಬೆಚ್ಚಗಿಟ್ಟುಕೊಂಡು ಎಲ್ಲರೂ ಅಲ್ಲಿಯೇ ಮಲಗುತ್ತಿದ್ದೆವು. ಈಗ ಬೆಳಗಿನ ಪಾಳಿಗೆ ಹೊರಡುವ ಮುನ್ನ ಐದು ಗಂಟೆಗೆ ಬಾಯ್ಲರ್ ಹಚ್ಚುತ್ತೇನೆ, ಏಳಕ್ಕೆ ಅದು ತಾನಾಗಿ ಆರುತ್ತದೆ. ಮಕ್ಕಳು ಶಾಲೆಯಿಂದ ಬರುವ ಮೂರೂವರೆಯ ಹೊತ್ತಿಗೂ ಥರ್ಮೋಸ್ಟ್ಯಾಟ್ 17 ಡಿಗ್ರಿ ತೋರಿಸುತ್ತಿರುತ್ತದೆ. ಮೊದಲು ಅದೇ ಹೊತ್ತಿಗೆ 12 ಡಿಗ್ರಿ ಇರುತ್ತಿತ್ತು. ಕಾಫಿ ಲೋಟ ಹಿಡಿದು ಅಡುಗೆಮನೆಯ ಗೋಡೆಗೆ ಬೆನ್ನು ಕೊಟ್ಟು ನಿಲ್ಲುವುದು ನನ್ನ ಹಳೆಯ ಅಭ್ಯಾಸ, ಆದರೆ ಈ ದೇಶದಲ್ಲಿ ಅದು ಸಾಧ್ಯವಾಗಿದ್ದು ಈ ಹೊದಿಕೆ ಬಂದ ಮೇಲೆಯೇ.

ಇಷ್ಟು ಸಂತೋಷ ಕೊಟ್ಟ ಕೆಲಸದಲ್ಲಿ ಒಂದು ದೊಡ್ಡ ಲೋಪವಿತ್ತು, ಅದನ್ನು ನಾನು ಇನ್ನೂ ಕ್ಷಮಿಸಿಲ್ಲ. ಗುತ್ತಿಗೆದಾರರು ಗೋಡೆಯ ಮುಖಕ್ಕೆಲ್ಲ ಹಲಗೆ ಬಡಿದರೂ, ಕಿಟಕಿಯ ಚೌಕಟ್ಟಿನ ಪಕ್ಕದಲ್ಲಿ ಗೋಡೆ ಒಳಕ್ಕೆ ತಿರುಗುವ ಭಾಗವನ್ನು ಹಾಗೆಯೇ ಬಿಟ್ಟರು. ಮೊದಲು ಅನ್ನ ಬೇಯಿಸಿದ ಹಬೆ, ಒಗೆದ ಬಟ್ಟೆಯ ತೇವ ಎಲ್ಲವೂ ಸಂದುಗೊಂದಿನಿಂದ ಹೊರಹೋಗುತ್ತಿದ್ದವು. ಮನೆ ಬಿಗಿಯಾದ ಮೇಲೆ ಆ ತೇವವೆಲ್ಲ ಉಳಿದ ಏಕೈಕ ತಣ್ಣನೆಯ ಜಾಗವನ್ನು ಹುಡುಕಿಕೊಂಡು ಅಲ್ಲಿಗೇ ಬಂದು ಕೂತಿತು. ಮೊದಲ ಫೆಬ್ರವರಿಯಲ್ಲೇ ಮಗನ ಮಂಚದ ಪಕ್ಕದ ಕಿಟಕಿಯ ಸುತ್ತ ಕಪ್ಪು ಬೂಷ್ಟು ಕಾಣಿಸಿತು. ತೇವವನ್ನು ಹೊರಗೆಳೆಯಬೇಕಿದ್ದ ಬಚ್ಚಲುಮನೆಯ ಫ್ಯಾನನ್ನು ದೀಪದ ಸ್ವಿಚ್ಚಿಗೆ ಜೋಡಿಸಿದ್ದರಿಂದ ದೀಪ ಆರಿಸಿದ ಕೂಡಲೇ ಅದೂ ನಿಲ್ಲುತ್ತಿತ್ತು.

ಕೌನ್ಸಿಲ್‌ಗೆ ದೂರು ಕೊಟ್ಟಾಗಲೆಲ್ಲ ಸಿಕ್ಕ ಉತ್ತರ, ಕಿಟಕಿ ತೆರೆದಿಡಿ, ಬಟ್ಟೆಯನ್ನು ಮನೆಯೊಳಗೆ ಒಣಗಿಸಬೇಡಿ ಎಂಬುದಷ್ಟೇ. ವಾರಗಟ್ಟಲೆ ಮಳೆ ಹನಿಯುವ ಊರಿನಲ್ಲಿ ಎರಡು ಮಕ್ಕಳ ಬಟ್ಟೆಯನ್ನು ಎಲ್ಲಿ ಒಣಗಿಸಲಿ? 2020ರಲ್ಲಿ ರಾಚ್‌ಡೇಲ್ ಪಟ್ಟಣದ ಬಾಡಿಗೆ ಮನೆಯೊಂದರಲ್ಲಿ ಬೂಷ್ಟಿನಿಂದಾಗಿ ಪ್ರಾಣ ಕಳೆದುಕೊಂಡ ಎರಡು ವರ್ಷದ ಅವಾಬ್ ಇಶಾಕ್‌ನ ತಂದೆತಾಯಿಯ ದೂರಿಗೂ ಬೆಲೆ ಸಿಕ್ಕಿರಲಿಲ್ಲ ಎಂಬುದನ್ನು ನೆನೆದು ಎಷ್ಟೋ ರಾತ್ರಿ ಮಗನನ್ನು ನನ್ನ ಪಕ್ಕದಲ್ಲೇ ಮಲಗಿಸಿಕೊಂಡಿದ್ದೇನೆ. ಆ ಮಗುವಿನ ಹೆಸರಿನ ಕಾನೂನು ಇಂಗ್ಲೆಂಡಿನಲ್ಲಿ 2025ರ ಅಕ್ಟೋಬರ್ 27ರಂದು ಜಾರಿಗೆ ಬಂತು. ಅಪಾಯಕಾರಿ ತೇವ ಮತ್ತು ಬೂಷ್ಟಿನ ದೂರು ಬಂದರೆ ಕೌನ್ಸಿಲ್‌ನಂತಹ ಮನೆಮಾಲೀಕರು ಹತ್ತು ಕೆಲಸದ ದಿನಗಳೊಳಗೆ ತನಿಖೆ ನಡೆಸಲೇಬೇಕು ಎಂದು ಅದು ಹೇಳುತ್ತದೆ. ನವೆಂಬರ್‌ನಲ್ಲಿ ಅದೇ ದೂರನ್ನು ಮತ್ತೆ ಬರೆದು ಕೊಟ್ಟಾಗ ಎಂಟನೆಯ ದಿನಕ್ಕೆ ಒಬ್ಬರು ಬಂದು ನೋಡಿದರು. ಕಿಟಕಿಯ ಪಕ್ಕಗಳಿಗೆ ಒಳಗಿನಿಂದ ತೆಳುವಾದ ಇನ್ಸುಲೇಷನ್ ಹಲಗೆ ಅಂಟಿಸಿ, ಸದಾ ನಿಧಾನವಾಗಿ ತಿರುಗುವ ಹೊಸ ಫ್ಯಾನ್ ಕೂಡಿಸಿದರು. ಮೂರನೆಯ ಚಳಿಗಾಲದಲ್ಲಿ ಆ ಕಿಟಕಿಯ ಸುತ್ತ ಒಂದು ಕಲೆಯೂ ಬಂದಿಲ್ಲ.

ಫ್ಯಾನಿನ ಗುಂಯ್‌ಗುಡುವಿಕೆಗೂ ಕರೆಂಟಿನ ಖರ್ಚಿಗೂ ಹೆದರಿ ನಮ್ಮ ಬೀದಿಯ ಹಲವರು ಅದನ್ನು ಆರಿಸಿಬಿಟ್ಟಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಅದಕ್ಕೆ ತಗಲುವುದು ಕೆಲವೇ ವ್ಯಾಟ್ ವಿದ್ಯುತ್. ನಿಮ್ಮ ಮನೆಗೂ ಈ ಕೆಲಸದ ನೋಟಿಸ್ ಬಂದಿದ್ದರೆ ಖಂಡಿತ ಒಪ್ಪಿಕೊಳ್ಳಿ. ಆದರೆ ಸಾರುವೆ ಬಿಚ್ಚುವ ಮುನ್ನ ಪ್ರತಿ ಕಿಟಕಿಯ ಪಕ್ಕಗಳಿಗೂ ಹಲಗೆ ಬಂದಿದೆಯೇ ಎಂದು ನೀವೇ ನೋಡಿ, ಬಿಟ್ಟಿದ್ದರೆ ಅಂದೇ ಫೋಟೊ ತೆಗೆದು ಬರವಣಿಗೆಯಲ್ಲಿ ತಿಳಿಸಿ.