ಆರು ವರ್ಷ ಬಳಸಿದ ಎನ್‌ಎಂಎಸ್: ಸೇರಿಸಲು ಎರಡು ನಿಮಿಷ, ತೆಗೆಯಲು ಒಂದು ರಾತ್ರಿ

ಟೆಲಿಕಾಂ ಉಪಕರಣಗಳನ್ನೆಲ್ಲ ಒಂದೇ ಕಡೆ ಕೂತು ನೋಡಿಕೊಳ್ಳುವ ನೆಟ್‌ವರ್ಕ್ ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರ್ (ಎನ್‌ಎಂಎಸ್) ಬಗ್ಗೆ ನಾನು ಓದಿದ ವಿಮರ್ಶೆಗಳಲ್ಲಿ ಹೆಚ್ಚಿನವು ಮೊದಲ ತಿಂಗಳಲ್ಲೇ ಬರೆದಂಥವು. ಆಗ ಎಲ್ಲರೂ ಸೇರಿಸುವ ಕೆಲಸದಲ್ಲೇ ಇರುತ್ತಾರೆ. ಐಪಿ ಅಡ್ರೆಸ್ ಕೊಟ್ಟರೆ ಸಾಕು, ನೋಡ್ (ನೆಟ್‌ವರ್ಕ್‌ನ ಒಂದು ಉಪಕರಣ) ಮ್ಯಾಪ್ ಮೇಲೆ ಹಸಿರಾಗಿ ಬಂದು ಕೂರುತ್ತದೆ. ಶೆಲ್ಫ್, ಕಾರ್ಡ್, ಪೋರ್ಟ್ ಎಲ್ಲ ತಾನಾಗಿಯೇ ಓದಿಕೊಳ್ಳುತ್ತದೆ. ಖುಷಿಯಲ್ಲಿ ಐದು ಸ್ಟಾರ್ ಕೊಟ್ಟುಬಿಡುತ್ತಾರೆ. ನಾನೂ ಆಗ ಬರೆದಿದ್ದರೆ ಅಷ್ಟೇ ಕೊಡುತ್ತಿದ್ದೆ.

ಈಗ ಬರೆಯುತ್ತಿರುವುದು ಆರು ವರ್ಷ ಆದ ಮೇಲೆ. ಕಳೆದ ಎರಡು ವರ್ಷ ನಮ್ಮ ತಂಡ ಮಾಡಿದ್ದು ಹೆಚ್ಚಾಗಿ ಕಳಚುವ ಕೆಲಸ. ಹಳೆಯ ಎಸ್‌ಡಿಎಚ್ (ಫೈಬರ್ ಮೇಲೆ ಕರೆ, ಡೇಟಾ ಸಾಗಿಸುವ ತಂತ್ರಜ್ಞಾನ) ರಿಂಗ್‌ಗಳು, ಮೈಕ್ರೋವೇವ್ ಲಿಂಕ್‌ಗಳು, ಸಪೋರ್ಟ್ ಮುಗಿದ ರೂಟರ್‌ಗಳನ್ನು ಒಂದೊಂದಾಗಿ ಸಿಸ್ಟಂನಿಂದ ತೆಗೆದೆವು. ಈ ಸಾಫ್ಟ್‌ವೇರ್‌ನ ನಿಜವಾದ ಗುಣ ನನಗೆ ಗೊತ್ತಾಗಿದ್ದು ಆಗಲೇ. ಹೆಸರು ಬರೆಯುವುದಿಲ್ಲ. ಕೆಳಗೆ ಹೇಳುವ ತಪ್ಪುಗಳಲ್ಲಿ ಕೆಲವು ಅವರವು, ಕೆಲವು ನಮ್ಮವೇ.

ಮೊದಲ ತಕರಾರು ಡಿಲೀಟ್ ಬಟನ್ ಬಗ್ಗೆ. ನೋಡ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಮೆನುವಿನಲ್ಲಿ ಒಂದೇ 'ಡಿಲೀಟ್' ಇದೆ. ಆದರೆ ನಾವು 'ತೆಗಿ' ಅನ್ನುವಾಗ ಅದಕ್ಕೆ ಕನಿಷ್ಠ ಮೂರು ಅರ್ಥ ಇರುತ್ತದೆ. ಮ್ಯಾಪ್‌ನಿಂದ ಚಿತ್ರ ಮಾತ್ರ ತೆಗೆಯುವುದು ಒಂದು. ಎನ್‌ಎಂಎಸ್ ಡೇಟಾಬೇಸ್‌ನಿಂದ ದಾಖಲೆ ತೆಗೆಯುವುದು ಇನ್ನೊಂದು. ಉಪಕರಣದ ಒಳಗಿನ ಕಾನ್ಫಿಗರೇಶನ್ ಅಳಿಸುವುದು ಮತ್ತೊಂದು. ನೋಡ್ ಮೇಲೆ ಡಿಲೀಟ್ ಒತ್ತಿದರೆ ದಾಖಲೆ ಹೋಗುತ್ತದೆ, ಉಪಕರಣ ತನ್ನ ಪಾಡಿಗೆ ಓಡುತ್ತಲೇ ಇರುತ್ತದೆ. ಕ್ರಾಸ್ ಕನೆಕ್ಟ್ (ಉಪಕರಣದ ಒಳಗೆ ಒಂದು ಪೋರ್ಟ್‌ನಿಂದ ಇನ್ನೊಂದಕ್ಕೆ ಕೊಟ್ಟ ಜೋಡಣೆ) ಮೇಲೆ ಅದೇ ಡಿಲೀಟ್ ಒತ್ತಿದರೆ ಉಪಕರಣದಲ್ಲೇ ಹೋಗುತ್ತದೆ, ಅದರ ಜೊತೆ ಗ್ರಾಹಕರ ಸರ್ಕ್ಯೂಟೂ. ಎರಡಕ್ಕೂ ಒಂದೇ ಐಕಾನ್, ಒಂದೇ ಕನ್ಫರ್ಮ್ ಬಾಕ್ಸ್. ಹೊಸ ಹುಡುಗರಿಗೆ ಟ್ರೇನಿಂಗ್ ಕೊಡುವಾಗ ನಾನು ಮೊದಲ ದಿನ ಹೇಳಿಕೊಡುವುದು ಇದನ್ನೇ.

ಈ ಗೊಂದಲ ಇವರೊಬ್ಬರದೇ ಅಲ್ಲ ಅನ್ನಿ. ಉಪಕರಣಕ್ಕೆ ಆಜ್ಞೆ ಕೊಡುವ ಹಳೆಯ ಭಾಷೆ ಟಿಎಲ್1 ಬಳಸಿದವರಿಗೆ ಗೊತ್ತಿರುತ್ತದೆ. ಅಲ್ಲಿ 'ಆರ್‌ಎಂವಿ' ಅಂದರೆ ರಿಮೂವ್. ಆದರೆ ಅದು ಏನನ್ನೂ ಅಳಿಸುವುದಿಲ್ಲ, ಕಾರ್ಡನ್ನು ಸೇವೆಯಿಂದ ಹೊರಗೆ ಇಡುತ್ತದೆ ಅಷ್ಟೇ. ನಿಜವಾಗಿ ಅಳಿಸಲು 'ಡಿಎಲ್‌ಟಿ' ಬೇಕು. ಇತ್ತ ಅದೇ ಕೆಲಸದ ಹೊಸ ಪ್ರೋಟೋಕಾಲ್ ನೆಟ್‌ಕಾನ್ಫ್‌ನ 2011ರ ದಾಖಲೆ ಆರ್‌ಎಫ್‌ಸಿ 6241ರಲ್ಲಿ 'ಡಿಲೀಟ್' ಮತ್ತು 'ರಿಮೂವ್' ಎರಡೂ ಅಳಿಸುತ್ತವೆ. ವಸ್ತು ಇಲ್ಲದಿದ್ದರೆ ಡಿಲೀಟ್ ಎರರ್ ಕೊಡುತ್ತದೆ, ರಿಮೂವ್ ಸುಮ್ನೆ ಇರುತ್ತದೆ. ಎರಡೂ ಬಗೆಯ ಉಪಕರಣ ಇರುವ ನಮ್ಮಂಥವರಿಗೆ ಯಾವ 'ತೆಗಿ' ಯಾವುದು ಅಂತ ಪ್ರತಿಸಲ ಯೋಚಿಸಿಯೇ ಬೆರಳಿಡಬೇಕು.

ಇನ್ನು ಹೊಗಳುವ ಮಾತು. ಒಂದು ಕಾರ್ಡ್ ತೆಗೆಯಬೇಕಾದರೆ ಅದರ ಮೇಲೆ ಏನೇನು ಕೂತಿದೆ ಅಂತ ಇದು ಚೆನ್ನಾಗಿ ತೋರಿಸುತ್ತದೆ. ಕಟ್ಟಿದ್ದಕ್ಕೆ ಉಲ್ಟಾ ಕ್ರಮದಲ್ಲಿ ಬಿಚ್ಚಬೇಕಲ್ವಾ? ಮೊದಲು ಸರ್ಕ್ಯೂಟ್, ಆಮೇಲೆ ಅದನ್ನು ಹೊತ್ತ ಟ್ರೇಲ್, ಆಮೇಲೆ ಫೈಬರ್ ಲಿಂಕ್, ಪೋರ್ಟ್, ಕಾರ್ಡ್, ಕೊನೆಗೆ ನೋಡ್. ಒಂದು ಎಸ್‌ಟಿಎಂ-1 (ಎಸ್‌ಡಿಎಚ್‌ನ ಮೂಲ ವೇಗದ) ಪೋರ್ಟ್ ಒಳಗೆ 63 ಇ1 (ಸಣ್ಣ ಸರ್ಕ್ಯೂಟ್) ಹಿಡಿಸುತ್ತವೆ. ಕೈಯಲ್ಲಿ ಹುಡುಕುತ್ತಾ ಕೂತರೆ ಒಂದಾದರೂ ತಪ್ಪಿಹೋಗುತ್ತದೆ. ಇದು 63ನ್ನೂ ಪಟ್ಟಿ ಮಾಡಿ, ಯಾವುದರಲ್ಲಿ ಟ್ರಾಫಿಕ್ ಇದೆ, ಯಾವುದು ಹೆಸರಿಗೆ ಮಾತ್ರ ಇದೆ ಅಂತ ಬಣ್ಣ ಹಚ್ಚಿ ಕೊಡುತ್ತದೆ. ಎಷ್ಟೋ ವರ್ಷದ ಹಿಂದೆ ಬಿಟ್ಟುಹೋದ ಗ್ರಾಹಕರ ಸರ್ಕ್ಯೂಟ್‌ಗಳು ಈ ಪಟ್ಟಿಯಲ್ಲೇ ನಮಗೆ ಸಿಕ್ಕಿದ್ದು.

ರಿಂಗ್‌ನಿಂದ ನೋಡ್ ತೆಗೆಯುವುದರಲ್ಲೂ ಇದಕ್ಕೆ ಪೂರ್ತಿ ಅಂಕ. ಎಂಎಸ್-ಸ್ಪ್ರಿಂಗ್ (ಒಂದು ಕಡೆ ಕಡಿದರೆ ಟ್ರಾಫಿಕ್ಕನ್ನು ತಾನೇ ಇನ್ನೊಂದು ಕಡೆ ತಿರುಗಿಸುವ) ರಿಂಗ್‌ನಲ್ಲಿ ಪ್ರತಿ ನೋಡ್‌ಗೂ ಒಂದು ನಂಬರ್ ಇರುತ್ತದೆ. ಹಾಗೆ ತಿರುಗಿಸುವ ಸಂದೇಶ ಹೊರುವ ಕೆ1, ಕೆ2 ಬೈಟ್‌ಗಳಲ್ಲಿ ಅದಕ್ಕೆ ಇರುವ ಜಾಗ ನಾಲ್ಕೇ ಬಿಟ್, ಹಾಗಾಗಿ ರಿಂಗ್‌ನಲ್ಲಿ 16ಕ್ಕಿಂತ ಜಾಸ್ತಿ ನೋಡ್ ಇಡುವಂತಿಲ್ಲ. ನನ್ನ ಪಕ್ಕ ಯಾರು, ಆಚೆ ಯಾರು ಅನ್ನುವ ನಕ್ಷೆ ಪ್ರತಿ ನೋಡ್ ಬಳಿಯೂ ಇರುತ್ತದೆ. ಒಂದನ್ನು ಕಿತ್ತಮೇಲೆ ಉಳಿದವುಗಳಲ್ಲಿ ಹಳೆಯ ನಕ್ಷೆ ಹಾಗೇ ಇದ್ದರೆ, ಮುಂದೆ ಫೈಬರ್ ಕಟ್ ಆದ ದಿನ ಟ್ರಾಫಿಕ್ ತಪ್ಪು ಕಡೆ ತಿರುಗಬಹುದು. ಇದು ನೋಡ್ ತೆಗೆದ ಕೂಡಲೇ ಉಳಿದ ಎಲ್ಲದರ ನಕ್ಷೆಯನ್ನೂ ತಾನೇ ಬರೆಯುತ್ತದೆ. ಹಿಂದೆ ಬಳಸುತ್ತಿದ್ದ ಸಿಸ್ಟಂನಲ್ಲಿ ಇದನ್ನು ಒಂದೊಂದೇ ನೋಡ್‌ಗೆ ಲಾಗಿನ್ ಆಗಿ ಮಾಡುತ್ತಿದ್ದೆವು. ನಕ್ಷೆ ಸರಿ ಇದ್ದರೆ ಫೈಬರ್ ಬಿಚ್ಚಿದಾಗ ಟ್ರಾಫಿಕ್ 50 ಮಿಲಿಸೆಕೆಂಡ್ ಒಳಗೆ ಆ ಕಡೆಗೆ ಹೊರಳುತ್ತದೆ, ಮಾತಾಡುತ್ತಿರುವವರಿಗೆ ಗೊತ್ತೂ ಆಗುವುದಿಲ್ಲ.

ಆದರೆ ಗಡಿಯಾರ, ಅಂದರೆ ಎಲ್ಲ ನೋಡ್‌ಗಳೂ ಒಂದೇ ತಾಳದಲ್ಲಿ ನಡೆಯಲು ಬೇಕಾದ ಕ್ಲಾಕ್ ಸಿಗ್ನಲ್? ಅದನ್ನು ಈ ಸಾಫ್ಟ್‌ವೇರ್ ಲೆಕ್ಕಕ್ಕೇ ಹಿಡಿಯುವುದಿಲ್ಲ. ಈ ವಿಮರ್ಶೆಯಲ್ಲಿ ನನ್ನ ದೊಡ್ಡ ದೂರು ಇದೇ.

ಒಂದು ರಾತ್ರಿ ಹಳೆಯ ರಿಂಗ್‌ನ ಒಂದು ನೋಡ್ ತೆಗೆಯುವ ಕೆಲಸ ಇತ್ತು. ಡಿಪೆಂಡೆನ್ಸಿ ಚೆಕ್ ಓಡಿಸಿದೆ. 'ಯಾವ ಸರ್ಕ್ಯೂಟೂ ಇಲ್ಲ, ತೆಗೆಯಬಹುದು' ಅಂತ ಹಸಿರು ಟಿಕ್ ಬಂತು. ಸೈಟ್‌ನಲ್ಲಿದ್ದ ಹುಡುಗ ಫೋನಿನಲ್ಲಿದ್ದ. "ಸಾರ್, ಪ್ಯಾಚ್‌ಕಾರ್ಡ್ ಬಿಚ್ಚಲಾ?" ಅಂದ. ಬಿಚ್ಚು ಅಂದೆ. ಟ್ರಾಫಿಕ್ ಸಲೀಸಾಗಿ ತಿರುಗಿತು. ಹತ್ತು ನಿಮಿಷ ಎಲ್ಲ ಶಾಂತ. ಆಮೇಲೆ ಒಂದೊಂದೇ ನೋಡ್‌ನಲ್ಲಿ ಸಿಂಕ್ ಅಲಾರಂ ಬರತೊಡಗಿತು. ನಾವು ಕಿತ್ತ ನೋಡ್‌ಗೆ ಹೊರಗಿನಿಂದ 2 ಮೆಗಾಹರ್ಟ್ಸ್ ಕ್ಲಾಕ್ ಬರುತ್ತಿತ್ತು. ಇಡೀ ರಿಂಗ್ ಅದರ ತಾಳಕ್ಕೆ ಕುಣಿಯುತ್ತಿತ್ತು. ಎರಡನೇ ಕ್ಲಾಕ್ ಅಂತ ಬರೆದಿಟ್ಟಿದ್ದ ನೋಡ್‌ನಲ್ಲಿ ಕೇಬಲ್ಲೇ ಇರಲಿಲ್ಲ. ಉಳಿದವೆಲ್ಲ ಹೋಲ್ಡ್‌ಓವರ್‌ಗೆ ಹೋದವು. ಅಂದರೆ ಕೊನೆಗೆ ಕೇಳಿದ ತಾಳ ನೆನಪಿಟ್ಟುಕೊಂಡು ಹೊಡೆಯುವುದು. ಸ್ವಲ್ಪ ಹೊತ್ತು ನಡೆಯುತ್ತದೆ, ಆಮೇಲೆ ಜಾರುತ್ತದೆ. ಬೆಳಗಿನ ಜಾವದ ಹೊತ್ತಿಗೆ ಇನ್ನೊಂದು ನೋಡ್‌ಗೆ ಕ್ಲಾಕ್ ಎಳೆದು ಸರಿ ಮಾಡಿದೆವು.

ಎರಡನೇ ಕ್ಲಾಕ್ ಪರೀಕ್ಷಿಸದೇ ಇದ್ದದ್ದು ನಮ್ಮ ತಪ್ಪು, ಒಪ್ಪುತ್ತೇನೆ. ಆದರೆ ಯಾವ ನೋಡ್ ಯಾರಿಂದ ಕ್ಲಾಕ್ ತೆಗೆದುಕೊಳ್ಳುತ್ತಿದೆ ಅನ್ನುವುದು ಈ ಸಾಫ್ಟ್‌ವೇರ್‌ಗೆ ಗೊತ್ತು. ಬೇರೆ ಸ್ಕ್ರೀನ್‌ನಲ್ಲಿ ಬಾಣ ಹಾಕಿ ಅಂದವಾಗಿ ತೋರಿಸುತ್ತದೆ ಕೂಡ. ತೆಗೆಯುವ ಹೊತ್ತಿನಲ್ಲಿ ಆ ಸ್ಕ್ರೀನನ್ನು ಒಂದು ಸಲ ನೋಡಿಕೊಳ್ಳಲು ಅದಕ್ಕೇನು ಕಷ್ಟ? ಎರಡು ಅಪ್‌ಗ್ರೇಡ್ ಬಂದು ಹೋದವು, ಇನ್ನೂ ನೋಡುತ್ತಿಲ್ಲ.

ಗೇಟ್‌ವೇ ಕತೆಯೂ ಇಂಥದ್ದೇ, ಆದರೆ ಅದು ಅಷ್ಟು ನೋವು ಕೊಡಲಿಲ್ಲ. ಎಸ್‌ಡಿಎಚ್‌ನಲ್ಲಿ ಎನ್‌ಎಂಎಸ್ ಎಲ್ಲ ನೋಡ್‌ಗಳ ಜೊತೆ ನೇರವಾಗಿ ಮಾತಾಡುವುದಿಲ್ಲ. ಒಂದು ಗೇಟ್‌ವೇ ನೋಡ್ ಜೊತೆ ಮಾತಾಡುತ್ತದೆ. ಅದರ ಹಿಂದಿರುವ ನೋಡ್‌ಗಳ ಮಾತು ಫೈಬರ್ ಒಳಗಿನ ಡಿಸಿಸಿ ಚಾನೆಲ್ ಮೂಲಕ ಅದಕ್ಕೆ ತಲುಪುತ್ತದೆ. ಆ ಚಾನೆಲ್ ಬರೀ 192 ಕೆಬಿಪಿಎಸ್. ನಮ್ಮವರೊಬ್ಬರು ಪಟ್ಟಿಯ ಮೇಲಿನಿಂದ ಶುರು ಮಾಡಿ ಗೇಟ್‌ವೇಯನ್ನೇ ಮೊದಲು ಡಿಲೀಟ್ ಮಾಡಿದರು. ಹಿಂದಿದ್ದ ಒಂಬತ್ತು ನೋಡ್‌ಗಳು ಒಮ್ಮೆಲೇ ಬೂದು ಬಣ್ಣಕ್ಕೆ ತಿರುಗಿದವು. ಟ್ರಾಫಿಕ್‌ಗೆ ಏನೂ ಆಗಲಿಲ್ಲ, ಆದರೆ ಅವುಗಳ ಒಳಗೆ ಏನಾದರೂ ಬದಲಾಯಿಸಲು ಸೈಟ್‌ಗೆ ಲ್ಯಾಪ್‌ಟಾಪ್ ಹೊತ್ತುಕೊಂಡು ಹೋಗಬೇಕಾಯಿತು. ಏಣಿ ಮೇಲೆ ಇರುವಾಗಲೇ ಏಣಿ ತೆಗೆದ ಹಾಗೆ. ಈ ದೂರನ್ನು ಕಂಪನಿ ಕೇಳಿಸಿಕೊಂಡಿತು. ಈಗ ಗೇಟ್‌ವೇ ತೆಗೆಯಲು ಹೋದರೆ ಹಿಂದೆ ಇಷ್ಟು ನೋಡ್ ಇವೆ ಅಂತ ತಡೆಯುತ್ತದೆ.

ಕಾರ್ಡ್ ವಿಷಯಕ್ಕೆ ಬರೋಣ. ಇಲ್ಲಿ ಎರಡು ಲೋಕ ಇವೆ, ಸ್ಲಾಟ್‌ನಲ್ಲಿ ನಿಜವಾಗಿ ಇರುವ ಕಾರ್ಡ್ ಮತ್ತು ಸಾಫ್ಟ್‌ವೇರ್ 'ಇರಬೇಕು' ಅಂತ ನಂಬಿರುವ ಕಾರ್ಡ್. ಅಳಿಸದೇ ಎಳೆದರೆ 'ಕಾರ್ಡ್ ಮಿಸ್ಸಿಂಗ್' ಅಂತ ಅಲಾರಂ. ಎಳೆಯದೇ ಅಳಿಸಿದರೆ ಮುಂದಿನ ಸ್ಕ್ಯಾನ್‌ನಲ್ಲಿ ಕಾರ್ಡ್ ಮತ್ತೆ ಹಾಜರ್. ಮೊದಮೊದಲು ನಾವು ಎರಡೂ ತಪ್ಪು ಮಾಡಿದೆವು. ಸರಿಯಾದ ದಾರಿ: ಕಾರ್ಡನ್ನು ಮೊದಲು 'ಲಾಕ್' ಮಾಡಿ, ಆಟೋ ಪ್ರೊವಿಷನಿಂಗ್ (ಕಂಡ ಕಾರ್ಡನ್ನು ತಾನೇ ಸೇರಿಸಿಕೊಳ್ಳುವುದು) ಆಫ್ ಮಾಡಿ, ಡಿಲೀಟ್ ಕೊಟ್ಟು, ಆಮೇಲೆ ಎಳೆಯಿರಿ. ಅಂತರರಾಷ್ಟ್ರೀಯ ಟೆಲಿಕಾಂ ಮಾನದಂಡ ಐಟಿಯು-ಟಿ ಎಕ್ಸ್.731ರಲ್ಲಿ ಲಾಕ್, ಅನ್‌ಲಾಕ್ ಜೊತೆ 'ಷಟಿಂಗ್ ಡೌನ್' ಅಂತ ಮೂರನೇ ಸ್ಥಿತಿಯೂ ಇದೆ. ಹೊಸಬರನ್ನು ಒಳಗೆ ಬಿಡುವುದಿಲ್ಲ, ಒಳಗಿದ್ದವರು ತಾವಾಗಿ ಹೊರಡುವ ತನಕ ಕಾಯುತ್ತದೆ, ಕೊನೆಯವರು ಹೋದ ಮೇಲೆ ತಾನೇ ಲಾಕ್ ಆಗುತ್ತದೆ. ಈ ಸಾಫ್ಟ್‌ವೇರ್‌ನಲ್ಲಿ ಅದು ನಿಜವಾಗಿಯೂ ಕೆಲಸ ಮಾಡುತ್ತದೆ. ತೆಗೆಯಲಿರುವ ಕಾರ್ಡನ್ನು ಒಂದು ತಿಂಗಳು ಮೊದಲೇ ಆ ಸ್ಥಿತಿಗೆ ಹಾಕಿಬಿಡುತ್ತೇವೆ. ಇನ್ನೊಂದು ಶಿಫ್ಟಿನವರು ಗೊತ್ತಿಲ್ಲದೆ ಅದರ ಮೇಲೆ ಹೊಸ ಸರ್ಕ್ಯೂಟ್ ಕಟ್ಟುವ ಕಾಟ ತಪ್ಪಿತು. ಮೆನುವಿನಲ್ಲಿ ಇದನ್ನು ಎಲ್ಲೋ ಮೂರನೇ ಟ್ಯಾಬ್‌ನಲ್ಲಿ ಅಡಗಿಸಿಟ್ಟಿದ್ದಾರೆ, ಹುಡುಕಿಕೊಳ್ಳಿ.

ರೂಟರ್, ಸ್ವಿಚ್‌ಗಳದ್ದು ಬೇರೆಯೇ ಹಿಂಸೆ. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ ಅಂತ ಗಾದೆ ಇದೆಯಲ್ಲ, ಇಲ್ಲಿನ ಆಟೋ ಡಿಸ್ಕವರಿ (ಉಪಕರಣಗಳನ್ನು ತಾನೇ ಹುಡುಕಿ ಸೇರಿಸುವುದು) ಹಾಗೆ. ಮಧ್ಯಾಹ್ನ ಡಿಲೀಟ್ ಮಾಡಿದ ಸ್ವಿಚ್ ಸಂಜೆ ಹೊತ್ತಿಗೆ ಹೊಸ ಐಡಿ ಹಾಕಿಕೊಂಡು ಮ್ಯಾಪ್‌ನಲ್ಲಿ ಕೂತಿರುತ್ತದೆ. ಕಾರಣ ಸರಳ. ಪಕ್ಕದ ಸ್ವಿಚ್‌ಗೆ ಅದು ಇನ್ನೂ ಎಲ್‌ಎಲ್‌ಡಿಪಿಯಲ್ಲಿ ನಾನಿದ್ದೇನೆ ಅಂತ ಹೇಳುತ್ತಿರುತ್ತದೆ, ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ. ಕರೆಂಟ್ ತೆಗೆದರೂ ಪಕ್ಕದವನ ನೆನಪಿನಲ್ಲಿ 120 ಸೆಕೆಂಡ್ ಉಳಿದಿರುತ್ತದೆ. ಅಷ್ಟರೊಳಗೆ ಡಿಸ್ಕವರಿ ಓಡಿದರೆ ಮುಗಿಯಿತು, ದೆವ್ವ ವಾಪಸ್. ಡಿಸ್ಕವರಿಯಿಂದ ಆ ಐಪಿ ಹೊರಗಿಡುವ ಪಟ್ಟಿ ಇದೆ, ಆದರೆ ಡಿಲೀಟ್ ಮಾಡುವಾಗ 'ಆ ಪಟ್ಟಿಗೆ ಸೇರಿಸಲಾ?' ಅಂತ ಕೇಳುವುದಿಲ್ಲ. ನಾವೇ ನೆನಪಿಟ್ಟು ಸೇರಿಸಬೇಕು. ಆಮೇಲೆ ಅದೇ ಐಪಿ ಹೊಸ ಉಪಕರಣಕ್ಕೆ ಕೊಟ್ಟಾಗ ನೆನಪಿಟ್ಟು ತೆಗೆಯಲೂ ಬೇಕು. ತೆಗೆಯಲು ಮರೆತು ಹೊಸ ರೂಟರ್ ಯಾಕೆ ಕಾಣುತ್ತಿಲ್ಲ ಅಂತ ಒಂದಿಡೀ ದಿನ ತಲೆ ಕೆರೆದುಕೊಂಡಿದ್ದೇನೆ.

ಟ್ರ್ಯಾಪ್‌ಗಳೂ (ಉಪಕರಣ ತಾನಾಗಿ ಕಳಿಸುವ ಎಚ್ಚರಿಕೆ ಸಂದೇಶಗಳು) ಹಾಗೇ. ಎಸ್‌ಎನ್‌ಎಂಪಿ ಟ್ರ್ಯಾಪ್ ಎಲ್ಲಿಗೆ ಕಳಿಸಬೇಕು ಅನ್ನುವುದು ಉಪಕರಣದ ಒಳಗೆ ಬರೆದಿರುತ್ತದೆ. ಎನ್‌ಎಂಎಸ್‌ನಲ್ಲಿ ಅಳಿಸಿದ್ದು ಅದಕ್ಕೆ ಹೇಗೆ ಗೊತ್ತಾಗಬೇಕು? ಅದು ಎನ್‌ಎಂಎಸ್‌ನ ಯುಡಿಪಿ 162 ಪೋರ್ಟ್‌ಗೆ ಕಳಿಸುತ್ತಲೇ ಇರುತ್ತದೆ, ಇಲ್ಲಿ 'ಗೊತ್ತಿಲ್ಲದ ಮೂಲ' ಅಂತ ಲಾಗ್ ತುಂಬುತ್ತಲೇ ಇರುತ್ತದೆ. ಹಾಗಾಗಿ ನೋಡ್ ಅಳಿಸುವ ಮೊದಲು ಉಪಕರಣಕ್ಕೆ ಲಾಗಿನ್ ಆಗಿ ಟ್ರ್ಯಾಪ್ ವಿಳಾಸ ತೆಗೆಯಿರಿ. ಹಾಗೇ ಯೂಸರ್, ಪಾಸ್‌ವರ್ಡ್, ಕಮ್ಯುನಿಟಿ ಹೆಸರು (ಎಸ್‌ಎನ್‌ಎಂಪಿಯ ಗುಟ್ಟಿನ ಪದ) ಎಲ್ಲ ಅಳಿಸಿ. ಗುಜರಿಗೆ ಹೋಗುವ ಪೆಟ್ಟಿಗೆಯಲ್ಲಿ ನಿಮ್ಮ ನೆಟ್‌ವರ್ಕಿನ ಕೀಲಿಕೈ ಇಟ್ಟು ಕಳಿಸಬೇಡಿ.

ಹಳೆಯ ಡೇಟಾ ಬಗ್ಗೆ ಒಂದು ಕಹಿ ಅನುಭವ ಹೇಳಲೇಬೇಕು. ಪರ್ಫಾರ್ಮೆನ್ಸ್ ಲೆಕ್ಕ 15 ನಿಮಿಷಕ್ಕೊಂದು, ಅಂದರೆ ಒಂದು ಪೋರ್ಟ್‌ಗೆ ದಿನಕ್ಕೆ 96 ಸಾಲು. ನೋಡ್ ಡಿಲೀಟ್ ಮಾಡಿದರೆ ವರ್ಷಗಳ ಈ ಲೆಕ್ಕ, ಅಲಾರಂ ಚರಿತ್ರೆ, ಯಾರು ಏನು ಬದಲಾಯಿಸಿದರು ಅನ್ನುವ ಲಾಗ್, ಎಲ್ಲವೂ ಒಟ್ಟಿಗೆ ಹೋಗುತ್ತವೆ. ಕನ್ಫರ್ಮ್ ಬಾಕ್ಸ್‌ನಲ್ಲಿ ಇದರ ಸುದ್ದಿಯೇ ಇಲ್ಲ. ಒಂದು ಲಿಂಕ್ ತೆಗೆದ ಆರು ವಾರಕ್ಕೆ ಗ್ರಾಹಕರು ಹಳೆಯ ಡೌನ್‌ಟೈಮ್ ಲೆಕ್ಕ ಕೇಳಿದರು. ನಮ್ಮ ಕೈಯಲ್ಲಿ ಏನೂ ಇರಲಿಲ್ಲ. ವಾದ ಅಲ್ಲಿಗೇ ಮುಗಿಯಿತು, ಸೋತಿದ್ದು ನಾವು. ಆಮೇಲೆ ಬಂದ ವರ್ಷನ್‌ನಲ್ಲಿ 'ಆರ್ಕೈವ್ ಮಾಡು' ಅಂತ ಒಂದು ಚೆಕ್‌ಬಾಕ್ಸ್ ಕೊಟ್ಟಿದ್ದಾರೆ. ಆದರೆ ಅದು ಮೊದಲಿಗೆ ಆಫ್ ಇರುತ್ತದೆ. ನಾವು ಈಗ ಚೆಕ್‌ಬಾಕ್ಸ್ ನಂಬದೆ, ಅಳಿಸುವ ಮೊದಲು ಎಲ್ಲ ಫೈಲ್‌ಗೆ ಇಳಿಸಿಕೊಳ್ಳುತ್ತೇವೆ.

ಲೈಸೆನ್ಸ್: ತೆಗೆದ ನೋಡ್‌ನ ಲೈಸೆನ್ಸ್ ಆ ಕೂಡಲೇ ವಾಪಸ್ ಬರುವುದಿಲ್ಲ, ರಾತ್ರಿ ಓಡುವ ಜಾಬ್ ಮುಗಿದ ಮೇಲೆ ಬರುತ್ತದೆ. ಅದೇ ದಿನ ಬದಲಿ ನೋಡ್ ಹಾಕಬೇಕಾದರೆ ಒಂದೆರಡು ಜಾಸ್ತಿ ಇಟ್ಟುಕೊಂಡಿರಿ. ತೆಗೆದದ್ದನ್ನು ವಾಪಸ್ ತರುವ 'ಅನ್‌ಡೂ' ಇಲ್ಲ. ಸ್ಕ್ರಿಪ್ಟ್ ಮೂಲಕ ಒಟ್ಟಿಗೆ ಹತ್ತಾರು ನೋಡ್ ತೆಗೆಯಲು ಬರುತ್ತದೆ, ಚೆನ್ನಾಗಿದೆ, ಆದರೆ ಮಧ್ಯದಲ್ಲಿ ಒಂದು ಎಡವಿದರೆ ಎಲ್ಲಿ ನಿಂತಿತು ಅಂತ ಲಾಗ್ ಓದಿಯೇ ತಿಳಿಯಬೇಕು.

ನನ್ನ ಅಂಕ ಐದಕ್ಕೆ ಮೂರೂವರೆ. ದಿನನಿತ್ಯದ ಅಲಾರಂ ನೋಡಲು, ಹೊಸದು ಕಟ್ಟಲು ಇದು ನಾಲ್ಕೂವರೆ ಮಟ್ಟದ್ದು. ಕಳಚುವ ಕೆಲಸದಲ್ಲಿ ಒಂದು ಅಂಕ ಕಳೆದುಕೊಂಡಿತು. ಕೊಳ್ಳುವ ಯೋಚನೆ ಇದ್ದರೆ ಡೆಮೋ ಕೊಡಲು ಬಂದವರಿಗೆ ನೋಡ್ ಸೇರಿಸಿ ತೋರಿಸಿ ಅನ್ನಬೇಡಿ, ತೆಗೆದು ತೋರಿಸಿ ಅನ್ನಿ. ಅದರಲ್ಲೂ ಕ್ಲಾಕ್ ಕೊಡುತ್ತಿರುವ ನೋಡ್.

ನಮ್ಮ ಮ್ಯಾಪ್‌ನ ಎಡಮೂಲೆಯಲ್ಲಿ ಈಗಲೂ ಒಂದು ಬೂದು ಚೌಕ ಕೂತಿದೆ. ಆ ಶೆಲ್ಫ್ ಗುಜರಿಗೆ ಹೋಗಿ ವರ್ಷದ ಮೇಲಾಯಿತು. ಡಿಲೀಟ್ ಕೊಟ್ಟರೆ 'ಬಳಕೆಯಲ್ಲಿದೆ' ಅನ್ನುತ್ತದೆ. ಯಾರ ಬಳಕೆಯಲ್ಲಿ ಅಂತ ಪಟ್ಟಿ ತೆರೆದರೆ ಖಾಲಿ. ಸಪೋರ್ಟ್‌ಗೆ ಟಿಕೆಟ್ ಹಾಕಿ ಹನ್ನೊಂದು ತಿಂಗಳು. ಹೊಸದಾಗಿ ಸೇರಿದವರು ಅದೇನು ಸಾರ್ ಅಂತ ಕೇಳಿದರೆ, ಅದನ್ನು ಮುಟ್ಟಬೇಡ ಅಂತ ಮಾತ್ರ ಹೇಳುತ್ತೇವೆ.